ಅನ್ನ ಮಾರಿದವನ ಪುಣ್ಯ

ಬೇಯಿಸಿದ ಅನ್ನವನ್ನು ಮಾರಬಾರದು ಎಂಬುದು ನಮ್ಮ ಶಾಸ್ತ್ರದ ಹಳೆಯ ಕಟ್ಟು. ಕಷ್ಟಕಾಲದಲ್ಲಿ ವ್ಯಾಪಾರಕ್ಕೆ ಇಳಿಯಬೇಕಾಗಿ ಬಂದ ಬ್ರಾಹ್ಮಣನೂ ಯಾವ ಸರಕನ್ನು ಮುಟ್ಟಬಾರದು ಎಂಬುದಕ್ಕೆ ಮನುಸ್ಮೃತಿಯ 10ನೇ ಅಧ್ಯಾಯದಲ್ಲಿ ಒಂದು ಪಟ್ಟಿಯೇ ಇದೆ. ಎಳ್ಳು, ಉಪ್ಪುಗಳ ಜೊತೆ ಬೇಯಿಸಿದ ಅನ್ನವೂ ಅದರಲ್ಲಿ ಸೇರಿದೆ. ಬಡಿಸಿದರೆ ಪುಣ್ಯ, ಮಾರಿದರೆ ಪಾಪ. ನಾನು ಹುಡುಗನಾಗಿದ್ದಾಗ ಕಾರ್ಕಳ ತಾಲೂಕಿನ ನಮ್ಮ ಊರಿನಲ್ಲಿ, ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದಾನೆ ಎಂದು ಹೇಳುವಾಗ ಭಟ್ಟರ ಮನೆಯ ಅಜ್ಜಿಯ ದನಿ ತಗ್ಗುತ್ತಿತ್ತು. ಆ ಮನೆಯ ಮಾಡಿಗೆ ಹಂಚು ಬಂದದ್ದು ಅದೇ ಹೋಟೆಲಿನ ಮನಿಯಾರ್ಡರಿನಿಂದ.

ಮುಂಬಯಿಯ ನಮ್ಮ ಹೋಟೆಲಿನವರನ್ನು ಈ ಲೆಕ್ಕ ತಲೆಮಾರುಗಳಿಂದ ಕಾಡಿದೆ. ಕಾಡಲೇಬೇಕು. ಹಸಿವಿನಿಂದ ಬಂದವನ ಜೇಬಿಗೆ ಕೈಹಾಕಿ ಬದುಕುವ ಕಸುಬು ಇದು. ಇದರಲ್ಲಿ ಧರ್ಮ ಎಲ್ಲಿದೆ, ಗಲ್ಲಾ ಪೆಟ್ಟಿಗೆಯ ಆಚೆಗೋ ಈಚೆಗೋ? ಇದಕ್ಕೆ ಉತ್ತರ ಹುಡುಕಲು ನಾನು ಹೋಗುವ ಜಾಗ ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ, ಮಾರ್ಕೆಟ್ ಕಟ್ಟಡದ ಮೊದಲ ಮಾಳಿಗೆಯಲ್ಲಿರುವ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಅದನ್ನು ತೆರೆದವರು ಎ. ರಾಮ ನಾಯಕ್.

ರಾಮ ನಾಯಕರು ಚಿಕ್ಕಂದಿನಲ್ಲೇ ಊರು ಬಿಟ್ಟು ಮುಂಬಯಿಗೆ ಬಂದು, ಅಡುಗೆಮನೆಗಳಲ್ಲಿ ದುಡಿದು ಮೇಲೆ ಬಂದವರು. ಆ ಕಾಲದಲ್ಲಿ ಕರಾವಳಿಯಿಂದ ಬಂದ ಸಾವಿರಾರು ಹುಡುಗರ ದಾರಿಯೂ ಅದೇ. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆ ಹಾಕಿತು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ರೈಲ್ವೆ ನೌಕರರು ಅಲ್ಲಿ ನೆಲೆಸಿದರು. ಹೆಚ್ಚಿನವರು ಒಂಟಿ ಗಂಡಸರು, ನಾಲ್ಕಾರು ಜನ ಸೇರಿ ಒಂದು ಖೋಲಿ. ಅವರಿಗೆ ಬೇಕಾದದ್ದು ಅನ್ನ, ಸಾರು, ಪಲ್ಯ, ಮಜ್ಜಿಗೆ. ಬೋರ್ಡಿಂಗ್ ಹುಟ್ಟಿದ್ದು ಅವರಿಗಾಗಿ. ಅದೇ ವರ್ಷದ ಆಗಸ್ಟಿನಲ್ಲಿ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕ್ವಿಟ್ ಇಂಡಿಯಾ ಕರೆ ಮೊಳಗಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಊರಿಗೆಲ್ಲ ಧಾನ್ಯದ ರೇಷನ್ ಬಂತು. ಅಕ್ಕಿಯನ್ನು ಅಳೆದು ಕೊಡುವ ಅಂಥ ದಿನಗಳಲ್ಲಿ ಒಂದು ಊಟದ ಮನೆಯನ್ನು ಉಳಿಸಿಕೊಂಡದ್ದು ಸಣ್ಣ ಮಾತಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮೇಲೆ. ಮೆಟ್ಟಿಲು ಹತ್ತಿ, ಗಲ್ಲಾದಲ್ಲಿ ಕೂಪನ್ ತೆಗೆದುಕೊಂಡು, ಸರದಿ ಬರುವವರೆಗೆ ಕಾಯಬೇಕು. ಕರೆದಾಗ ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಬೇಕು. ಎದುರು ಕೂತವರು ಯಾರು, ಯಾವ ಜಾತಿ, ಯಾವ ಭಾಷೆ ಎಂದು ಯಾರೂ ವಿಚಾರಿಸುವುದಿಲ್ಲ. ಗುಜರಾತಿ ಸೇಠರ ಪಕ್ಕದಲ್ಲಿ ಕಾಲೇಜು ಹುಡುಗ, ಅವನ ಎದುರು ಪಾಲಕ್ಕಾಡಿನ ನಿವೃತ್ತ ಗುಮಾಸ್ತರು. ಬಾಳೆ ಎಲೆ ಬಂತು. ಬಡಿಸುವವನು ಬಕೆಟು, ಸೌಟು ಹಿಡಿದು ಬಂದು ಸಾಂಬಾರು ಹಾಕಿದ. ಅದು ಮುಗಿಯುವುದರೊಳಗೆ ಮತ್ತೊಬ್ಬ ಪಲ್ಯ ತಂದ. ನಾನು ಕೈ ಅಡ್ಡ ಹಿಡಿಯುವವರೆಗೆ ಅವರು ನಿಲ್ಲಿಸಲಿಲ್ಲ.

ಆ ಎಲೆಯ ಮುಂದೆ ನನ್ನ ಕಣ್ಣು ಮಂಜಾದದ್ದಕ್ಕೆ ಕಾರಣ ಇದೆ. ಊರಿನ ದೇವಸ್ಥಾನದ ಜಾತ್ರೆಯಲ್ಲಿ ನಮ್ಮ ಮನೆಯವರಿಗೆ ಎಲೆ ಬೀಳುತ್ತಿದ್ದದ್ದು ಹೊರಗಿನ ಅಂಗಳದಲ್ಲಿ, ಒಳಗಿನ ಪಂಕ್ತಿ ಎದ್ದ ಮೇಲೆ. ಅದು ದಾನದ ಅನ್ನ, ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಆದರೂ ಅಪ್ಪ ಅಲ್ಲಿಂದ ಏಳುವಾಗ ತಲೆ ಎತ್ತುತ್ತಿರಲಿಲ್ಲ. ಮಾಟುಂಗಾದಲ್ಲಿ ನಾನು ದುಡ್ಡು ಕೊಟ್ಟು ಉಂಡೆ, ಎಲ್ಲರ ಜೊತೆ, ಒಂದೇ ಸಾಲಿನಲ್ಲಿ. ಕೊಟ್ಟ ಅನ್ನ ನಮ್ಮನ್ನು ಕೀಳು ಮಾಡಿತ್ತು, ಮಾರಿದ ಅನ್ನ ಸಮನಾಗಿ ಕೂರಿಸಿತು. ಪಂಕ್ತಿಭೇದದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಚರ್ಚೆ, ಪ್ರತಿಭಟನೆ ನಡೆದಿವೆ. ಸುಧಾರಕರ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಭೇದವನ್ನು ಸದ್ದಿಲ್ಲದೆ ಮುರಿದವರಲ್ಲಿ ಮುಂಬಯಿಯ ಹೋಟೆಲಿನವರೂ ಇದ್ದಾರೆ ಎಂಬುದನ್ನು ಯಾರಾದರೂ ಬರೆದಿಡಬೇಕು.

ಹಾಗಾದರೆ ಅನ್ನ ಮಾರುವುದು ಪಾಪವಲ್ಲವೆ? ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯನ್ನು ನಾನು ನಿವೃತ್ತಿಯ ನಂತರ ಕನ್ನಡ ಅರ್ಥದೊಂದಿಗೆ ನಿಧಾನವಾಗಿ ಓದಿದೆ. ವರುಣನ ಮಗ ಭೃಗು ಬ್ರಹ್ಮವನ್ನು ಅರಿಯಲು ತಪಸ್ಸಿಗೆ ಕೂತಾಗ ಅವನಿಗೆ ಮೊದಲು ಹೊಳೆಯುವುದು ಅನ್ನವೇ ಬ್ರಹ್ಮ ಎಂದು. ತಂದೆ ಮತ್ತೆ ತಪಸ್ಸಿಗೆ ಕಳಿಸುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ ದಾಟಿ ಕೊನೆಗೆ ಆನಂದ. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಉಪನಿಷತ್ತು ಆನಂದದ ತುದಿ ಮುಟ್ಟಿದ ಮೇಲೂ ಅನ್ನದ ಹತ್ತಿರಕ್ಕೇ ಮರಳುತ್ತದೆ. ಅನ್ನವನ್ನು ಹಳಿಯಬಾರದು, ಬಿಸಾಡಬಾರದು, ಹೆಚ್ಚಿಸಬೇಕು, ನೆಲೆ ಕೇಳಿ ಬಂದವರನ್ನು ಹಿಂದೆ ಕಳಿಸಬಾರದು ಎಂದು ವ್ರತಗಳನ್ನು ಹೇಳುತ್ತದೆ. ಹಣ ಪಡೆಯಬೇಕೋ ಬಾರದೋ ಎಂಬುದು ಅಲ್ಲಿ ವ್ರತವಾಗಿಲ್ಲ. ಅನ್ನದ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದು ಮಾತ್ರ ಇದೆ. ಮನುವಿನ ಪಟ್ಟಿಗಿಂತ ಈ ವ್ರತ ದೊಡ್ಡದು ಎಂದು ನಾನು ತಿಳಿಯುತ್ತೇನೆ.

ಉಡುಪಿಯ ಸಂಪ್ರದಾಯವೂ ಇದಕ್ಕೆ ಹತ್ತಿರ. ವಾದಿರಾಜರು ಎರಡು ವರ್ಷದ ಪರ್ಯಾಯದ ಕ್ರಮ ತಂದಾಗಿನಿಂದ, ಹೊಸ ಸ್ವಾಮಿಗಳ ಕೈಗೆ ಗರ್ಭಗುಡಿಯ ಕೀಲಿಕೈ ಜೊತೆಗೆ ಅಕ್ಷಯಪಾತ್ರೆ, ಸಟ್ಟುಗವನ್ನೂ ಹಸ್ತಾಂತರಿಸುತ್ತಾರೆ. ಪೂಜೆಯ ಅಧಿಕಾರದ ಜೊತೆಗೇ ಬಡಿಸುವ ಹೊಣೆ. ರಾಮ ನಾಯಕರು ತಮ್ಮ ಊಟದ ಮನೆಗೆ ಶ್ರೀಕೃಷ್ಣನ ಹೆಸರಿಟ್ಟದ್ದು ಬರಿಯ ಬೋರ್ಡಿಗಾಗಿ ಅಲ್ಲ ಎಂದು ಅಲ್ಲಿ ಉಂಡವರಿಗೆ ತಿಳಿಯುತ್ತದೆ. ಒಂದು ಬೆಲೆ, ಆಮೇಲೆ ಲೆಕ್ಕವಿಲ್ಲ. ಎಷ್ಟು ಬೇಕಾದರೂ ಉಣ್ಣಿ ಎನ್ನುವ ಎಲೆ ಊಟದಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ. ಕಡಿಮೆ ಉಣ್ಣುವ ಮುದುಕರು ಕೊಟ್ಟ ದುಡ್ಡಿನಲ್ಲಿ ಹಸಿದ ಹುಡುಗನ ಮೂರನೇ ಸಲದ ಅನ್ನ ಬರುತ್ತದೆ. ಯಾರು ಯಾರಿಗೆ ಕೊಟ್ಟರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಅಡುಗೆಮನೆಗೆ ಬಂದು ನೋಡಿ ಎಂದು ಗಿರಾಕಿಗಳನ್ನು ಕರೆಯುವ ಫಲಕವೂ ಅಲ್ಲಿದೆ. ಉಣ್ಣುವವನಿಗೆ ಒಲೆ ತೋರಿಸಲು ಹೆದರದವನ ವ್ಯಾಪಾರದಲ್ಲಿ ಮೋಸಕ್ಕೆ ಜಾಗ ಕಡಿಮೆ.

ದೂರದ ಅಮೆರಿಕದಲ್ಲೂ ಇಂಥ ಒಬ್ಬರಿದ್ದರು. ಚಿಕ್-ಫಿಲ್-ಎ ಎಂಬ ಫಾಸ್ಟ್‌ಫುಡ್ ಸರಣಿಯ ಸ್ಥಾಪಕ ಟ್ರೂಯೆಟ್ ಕ್ಯಾಥಿ ತಮ್ಮ ಮೊದಲ ಸಣ್ಣ ಹೋಟೆಲನ್ನು ಜಾರ್ಜಿಯಾದ ಹೇಪ್‌ವಿಲ್‌ನಲ್ಲಿ 1946ರಲ್ಲಿ ತೆರೆದರು. ಭಾನುವಾರ ಬಾಗಿಲು ಹಾಕುವ ನಿಯಮ ಅಂದಿನಿಂದ ಇಂದಿಗೂ ನಡೆದಿದೆ. ಅವರು ಅನಾಥ ಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಕೊಟ್ಟದ್ದು ಬಹಳ. ನನಗೆ ಆ ದಾನಕ್ಕಿಂತ ಹಿಡಿಸುವುದು ಭಾನುವಾರದ ಬೀಗ. ದುಡಿಯುವವರಿಗೆಲ್ಲ ವಾರಕ್ಕೊಂದು ದಿನ ಖಾತ್ರಿಯಾಗಿ ಬಿಡುವು. ಅವರ ನಂಬಿಕೆ ವ್ಯಾಪಾರದ ಒಳಗೇ ಇತ್ತು.

ನಾನು ಮೊದಲು ಕೆಲಸಕ್ಕೆ ಸೇರಿದ ಫೋರ್ಟ್ ಕಡೆಯ ಹೋಟೆಲಿನಲ್ಲಿ ಅಂಥ ನಂಬಿಕೆ ಇರಲಿಲ್ಲ. ಹೆಸರು ಬೇಡ, ಆ ಧಣಿಗಳು ಈಗಿಲ್ಲ. ನನಗಿನ್ನೂ ಮೀಸೆ ಮೂಡಿರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಿದ್ದರು. ಮೋರಿಯಲ್ಲಿ ಕೂತು ಕಪ್ಪು ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಮಧ್ಯಾಹ್ನ ಬಾಹರ್‌ವಾಲಾನ ಜೊತೆ ಆಫೀಸುಗಳಿಗೆ ಚಹಾ. ಸೋಡಾಪುಡಿಯಿಂದ ಬೆರಳ ಸಂದು ಒಡೆದು, ರಾತ್ರಿ ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತಿತ್ತು. ಸಂಬಳ ಧಣಿಗಳ ಹತ್ತಿರ ಜಮೆ; ಕೇಳಿದರೆ ಊರಿಗೆ ಹೋಗುವಾಗ ಎನ್ನುತ್ತಿದ್ದರು. ಊರಿಗೆ ಹೋಗುವಾಗ ಒಡೆದ ಕಪ್ಪುಗಳ ಲೆಕ್ಕ ಕಳೆದು ಕೊಟ್ಟರು. ಅದೇ ವರ್ಷ ಅವರು ತಮ್ಮ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತ ಕೊಟ್ಟರು. ಅಮೃತಶಿಲೆಯ ಮೇಲೆ ಅವರ ಹೆಸರು ಕೆತ್ತಿದ್ದನ್ನು ನಾನು ಹೋಗಿ ನೋಡಿದ್ದೇನೆ. ಆ ಕಲ್ಲಿನಲ್ಲಿ ನನ್ನ ಸಂಬಳವೂ ಇದೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು, ಅದರಿಂದ ಜಂಗಮರಿಗೆ ದಾಸೋಹ ನಡೆಸುತ್ತಿದ್ದ ಬಡ ದಂಪತಿ ಅವಳು ಮತ್ತು ಗಂಡ ಮಾರಯ್ಯ. ಒಂದು ದಿನ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಇನ್ನಷ್ಟು ಜನರಿಗೆ ಬಡಿಸಬಹುದಿತ್ತಲ್ಲ ಎಂದು ನಮ್ಮ ವ್ಯಾಪಾರಿ ಬುದ್ಧಿ ಕೇಳುತ್ತದೆ. ಲಕ್ಕಮ್ಮನಿಗೆ ಹಾಗನಿಸಲಿಲ್ಲ. ಆಸೆಯಿಂದ ಬಂದ ಅಕ್ಕಿ ದಾಸೋಹಕ್ಕೆ ಸಲ್ಲದು. ಶರಣರಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ, ಮೊದಲನೆಯದು ಶುದ್ಧವಿಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯಿಲ್ಲ. ಗಳಿಸುವಾಗ ಬಿಟ್ಟ ಧರ್ಮವನ್ನು ಕೊಡುವಾಗ ಹಿಡಿಯಲು ಬರುವುದಿಲ್ಲ.

ನಮ್ಮವರ ಒಳ್ಳೆಯತನವನ್ನು ನಾನು ಮರೆತಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಮೊಗವೀರರ ಉಚಿತ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಇನ್ನೂ ಹಲವು ಕನ್ನಡ ರಾತ್ರಿ ಶಾಲೆಗಳು ಹೋಟೆಲು ಹುಡುಗರನ್ನು ಗುಮಾಸ್ತರು, ವಕೀಲರು, ಸಾಹಿತಿಗಳನ್ನಾಗಿ ಮಾಡಿದವು. ನಾನೂ ಅಂಥದೊಂದು ಬೆಂಚಿನಿಂದ ಎದ್ದು ಬಂದವನೇ. ನನ್ನ ಎರಡನೆಯ ಧಣಿಗಳು ಸಂಜೆ ಆರೂವರೆ ಆದೊಡನೆ, ಗಿರಾಕಿ ಎಷ್ಟೇ ಇರಲಿ, “ಏಳು ಮಗಾ, ಪುಸ್ತಕ ತೆಗೆದುಕೋ” ಎನ್ನುತ್ತಿದ್ದರು. ಆ ಹೊತ್ತು ಹೋಟೆಲಿನಲ್ಲಿ ಅತಿ ಹೆಚ್ಚು ಗದ್ದಲದ ಹೊತ್ತು. ಗಲ್ಲಾ ಬಿಟ್ಟು ಅವರೇ ಟೇಬಲ್ ಒರೆಸಿದ್ದನ್ನು ನೋಡಿದ್ದೇನೆ. ಅವರು ಯಾವ ದೇವಸ್ಥಾನಕ್ಕೂ ದೊಡ್ಡ ದೇಣಿಗೆ ಕೊಟ್ಟವರಲ್ಲ, ಯಾವ ವೇದಿಕೆಯಲ್ಲೂ ಶಾಲು ಹೊದೆಸಿಕೊಂಡವರಲ್ಲ. ನನ್ನ ಎಣಿಕೆಯಲ್ಲಿ ದಾನಿಗಳೆಂದರೆ ಅವರು.

ಹುಡುಗರನ್ನು ದುಡಿಸಿದ್ದು ಮಾತ್ರ ತಪ್ಪೇ. ರಾತ್ರಿ ಶಾಲೆಗೆ ಕಳಿಸಿದವರೂ ಹಗಲು ಮಕ್ಕಳಿಂದ ದುಡಿಸಿದರು, ಊರಿನ ಬಡತನ ಅದನ್ನು ಒಪ್ಪಿಕೊಂಡಿತು. ಹೋಟೆಲು, ಧಾಬಾಗಳಲ್ಲಿ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳಬಾರದು ಎಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ನಮ್ಮ ತಲೆಮಾರಿಗೆ ಅದು ಬಹಳ ತಡ. ಈಗ ಮೋರಿಯಲ್ಲಿ ಕೂತಿರುವವರು ತುಳುವರಲ್ಲ. ಉತ್ತರಪ್ರದೇಶ, ಬಿಹಾರ, ಒಡಿಶಾ, ನೇಪಾಳದಿಂದ ಬಂದವರು. ನಮ್ಮ ಮಕ್ಕಳು ಬ್ಯಾಂಕು, ಕಂಪ್ಯೂಟರು, ದುಬೈ ಎಂದು ಹೋದರು, ಹೋಟೆಲುಗಳು ಪಾವ್‌ಭಾಜಿ, ಚೈನೀಸ್ ಮಾರಿ ದೊಡ್ಡದಾದವು. ಹೊಸದಾಗಿ ಬಂದವರ ಬೆರಳ ಸಂದು ಮಾತ್ರ ನನ್ನದರಂತೆಯೇ ಒಡೆದಿದೆ.

ಮುಲುಂಡಿನಿಂದ ವಿರಾರಿನವರೆಗೆ ನಮ್ಮ ಸಂಘಗಳು ವರ್ಷವಿಡೀ ಹೋಟೆಲ್ ಉದ್ಯಮಿಗಳನ್ನು ಸನ್ಮಾನಿಸುತ್ತವೆ. ಸನ್ಮಾನ ಬೇಡ ಎನ್ನುವುದಿಲ್ಲ. ಪದಾಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ: ಹೆಸರು ಆರಿಸುವ ಮೊದಲು ಒಂದು ಸಂಜೆ ಆ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಿ. ಪಾತ್ರೆ ತೊಳೆಯುವವನ ಸಂಬಳ ತಿಂಗಳಿಗೆ ಸರಿಯಾಗಿ ಕೈಸೇರುತ್ತದೆಯೇ, ಪಿ.ಎಫ್. ಕಟ್ಟಿದ್ದಾರೆಯೇ, ವಾರಕ್ಕೊಂದು ರಜೆ ಇದೆಯೇ, ರಾತ್ರಿ ಮಲಗಲು ಫ್ಯಾನಿರುವ ಜಾಗ ಇದೆಯೇ ಎಂದು ಅವನನ್ನೇ ಕೇಳಿ. ಅವನು ಹೌದೆಂದರೆ ಆ ಧಣಿಗಳಿಗೆ ಶಾಲು ಹೊದೆಸಲು ನಾನೂ ಬರುತ್ತೇನೆ.