ಮಣ್ಣಿಲ್ಲದ ತೋಟವೂ ಮಣ್ಣಿನ ಋಣವೂ

ಗಿಡವನ್ನು ಬೆಳೆಸುವದಕ್ಕೆ ಮಣ್ಣು ಬೇಕೋ ಎಂದು ನಮ್ಮ ಅಜ್ಜಂದಿರನ್ನು ಯಾರಾದರೂ ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಈಗಲಾದರೋ ಅದು ನಗತಕ್ಕ ಪ್ರಶ್ನೆಯಲ್ಲ. ಕೊಳವೆಗಳಲ್ಲಿ ಹರಿಯುವ ನೀರಿನಲ್ಲಿಯೂ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿಯೂ ಸೊಪ್ಪು, ಸೌತೆ, ಟೊಮೆಟೊ ಮುಂತಾದವುಗಳನ್ನು ಬೆಳೆಸುವ ವಿದ್ಯೆಯು ಪಟ್ಟಣಗಳಿಂದ ಹೊರಟು ಹಳ್ಳಿಗಳ ಕಿವಿಗೂ ಬಿದ್ದಿರುತ್ತದೆ. ಭಟಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಒಂದು ತುಂಡು ಹಿತ್ತಲನ್ನೋ ಗದ್ದೆಯನ್ನೋ ನಂಬಿ ಬಾಳುವ ನಮ್ಮ ವಾಚಕರಲ್ಲಿ ಅನೇಕರು ಇದನ್ನು ತಮ್ಮ ಮಕ್ಕಳ ಬಾಯಿಂದಲೇ ಕೇಳಿರಬಹುದು. ಸಗಣಿಯನ್ನು ಹೊರುವದೇಕೆ, ದರಕು ಗುಡಿಸುವದೇಕೆ, ಮಳೆಗಾಲಕ್ಕೆ ಮುಂಚೆ ಕಟ್ಟೆ ಕಟ್ಟುವದೇಕೆ, ಇವೆಲ್ಲ ಇಲ್ಲದೆಯೂ ಬೆಳೆ ಬರುತ್ತದಲ್ಲಾ ಎಂದು ಅವರು ಕೇಳುತ್ತಾರೆ. ಆದದರಿಂದ ಮಣ್ಣಿಲ್ಲದೆ ಬೆಳೆಯಬಹುದಾದರೆ ಮಣ್ಣನ್ನು ಸಾಕುವ ಕರ್ತವ್ಯವು ನಮಗೆ ಉಳಿದಿರುವದೋ ಇಲ್ಲವೋ ಎಂಬದನ್ನು ನಾವು ಸ್ವಲ್ಪ ವಿಚಾರಿಸೋಣ.

ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಈಗಿನ ಬೆಲ್ಜಿಯಂ ದೇಶದವನಾದ ಫಾನ್ ಹೆಲ್ಮಾಂಟ್ ಎಂಬ ವೈದ್ಯನು 200 ರಾತ್ಲು ಒಣಮಣ್ಣು ತುಂಬಿದ ಪಾತ್ರೆಯಲ್ಲಿ 5 ರಾತ್ಲು ತೂಕದ ಒಂದು ಗಿಡವನ್ನು ನೆಟ್ಟು, ಐದು ವರುಷ ನೀರನ್ನು ಮಾತ್ರ ಎರೆದು, ಕಡೆಗೆ ಎರಡನ್ನೂ ತೂಗಿ ನೋಡಿದನು. ಮರವು 169 ರಾತ್ಲಿಗೆ ಏರಿತ್ತು. ಮಣ್ಣಾದರೋ ಸುಮಾರು 2 ಔನ್ಸು ಮಾತ್ರ ಕಡಿಮೆಯಾಗಿತ್ತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತಿಳಿದುಕೊಂಡನು. ಈ ಪರೀಕ್ಷೆಯ ವಿವರವು 1648ರಲ್ಲಿ ಅಚ್ಚಾಯಿತು. ಗಿಡವು ಗಾಳಿಯಿಂದಲೂ ಆಹಾರವನ್ನು ತೆಗೆದುಕೊಳ್ಳುತ್ತದೆಂಬದನ್ನು ಅವನು ಅರಿಯನು; ಆ 2 ಔನ್ಸಿನಲ್ಲಿಯೂ ಒಂದು ಗುಟ್ಟು ಇತ್ತೆಂಬದನ್ನು ಕಾಣನು. 1860ರ ಸುಮಾರಿಗೆ ಜರ್ಮನಿಯ ಸಾಕ್ಸ್, ಕ್ನೋಪ್ ಎಂಬ ಪಂಡಿತರು ಆ ಗುಟ್ಟನ್ನು ಬಿಡಿಸಿದರು. ಸಾರಜನಕ, ರಂಜಕ, ಪೊಟ್ಯಾಸಿಯಂ, ಸುಣ್ಣ ಮುಂತಾದವುಗಳ ಲವಣಗಳನ್ನು ತಕ್ಕ ಅಳತೆಯಿಂದ ನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿಯೇ ಗಿಡಗಳನ್ನು ಬೆಳೆಸಿ ತೋರಿಸಿದರು. ಗಿಡಕ್ಕೆ ಬೇಕಾದ ಮೂಲವಸ್ತುಗಳು 17 ಎಂದು ಈಗ ಎಣಿಸುತ್ತಾರೆ. ಅವುಗಳಲ್ಲಿ ಮೂರು ಗಾಳಿಯಿಂದಲೂ ನೀರಿನಿಂದಲೂ ದೊರೆಯುತ್ತವೆ, ಉಳಿದವು ಬೇರಿನ ಮುಖಾಂತರ ಸಿಕ್ಕಬೇಕು. ಅಮೇರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗೆರಿಕೆ ಎಂಬವನು 1929ರಿಂದ ಈ ಕ್ರಮವನ್ನು ವ್ಯಾಪಾರದ ಬೆಳೆಗೆ ಹೊಂದಿಸಿದನು. 1937ರಲ್ಲಿ ಅದಕ್ಕೆ ಹೈಡ್ರೊಪೋನಿಕ್ಸ್ ಎಂಬ ಹೆಸರು ಬಿತ್ತು. ನಮ್ಮ ದೇಶದಲ್ಲಿಯೂ ಶೋಲ್ಟೊ ಡಗ್ಲಸ್ ಎಂಬವರು 1946ರಿಂದ ಬಂಗಾಳದ ಕಲಿಂಪಾಂಗಿನಲ್ಲಿ, ಜಲ್ಲಿ ಮರಳು ತುಂಬಿದ ತೊಟ್ಟಿಗಳಲ್ಲಿ ಬಡವರಿಗೂ ಸಾಧ್ಯವಾಗುವ ಒಂದು ಕ್ರಮವನ್ನು ಪ್ರಯೋಗಿಸಿದರು.

ಇದನ್ನು ಕೆಟ್ಟ ವಿದ್ಯೆಯೆಂದು ಹಳಿಯುವದು ನ್ಯಾಯವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸೆನ್ಶನ್ ಎಂಬ ಬರೇ ಬಂಡೆಯ ದ್ವೀಪದಲ್ಲಿದ್ದ ಅಮೇರಿಕದ ಸೈನಿಕರಿಗೆ ಹಸುರು ತರಕಾರಿಯನ್ನು ಒದಗಿಸಿದ್ದು ಈ ವಿದ್ಯೆಯೇ. ಭಟಕಳದ ಇಕ್ಕಟ್ಟಾದ ಓಣಿಗಳಲ್ಲಿ ಮನೆಗೆ ಮನೆ ತಾಗಿರುವಾಗ, ಒಂದು ಬುಟ್ಟಿ ಮಣ್ಣಿಗೂ ಸ್ಥಳವಿಲ್ಲದವಳು ಮಾಳಿಗೆಯ ಮೇಲೆ ನಾರಿನ ಪುಡಿಯ ಚೀಲಗಳಲ್ಲಿ ನಾಲ್ಕು ಬದನೆ ಗಿಡಗಳನ್ನು ಬೆಳೆಸಿ ಮಕ್ಕಳಿಗೆ ಉಣ್ಣಿಸಿದರೆ ಅವಳನ್ನು ಯಾರು ದೂರುವರು? ಸುತ್ತಿ ಸುತ್ತಿ ಬರುವ ನೀರಾದದರಿಂದ ಗದ್ದೆಗಿಂತ ಎಷ್ಟೋ ಕಡಿಮೆ ನೀರು ಸಾಕಾಗುತ್ತದೆ. ಮಣ್ಣಿನಿಂದ ಹತ್ತುವ ರೋಗಗಳೂ ಕಡಿಮೆ. ಆದರೆ ಅದರ ದುರ್ಬಲತೆಯನ್ನೂ ಹೇಳಬೇಕು. ಕೊಳವೆಯ ತೋಟವು ವಿದ್ಯುತ್ತಿನ ಮೇಲೆ ನಿಂತ ತೋಟ. ಆಷಾಢದ ಗಾಳಿಗೆ ತಂತಿ ಹರಿದು ಪಂಪು ನಿಂತರೆ, ತೆಳ್ಳಗೆ ಹರಿಯುವ ನೀರನ್ನೇ ನಂಬಿದ ಬೇರುಗಳು ಕೆಲವು ತಾಸುಗಳಲ್ಲಿಯೇ ಒಣಗಲಾರಂಭಿಸುತ್ತವೆ. ಮಣ್ಣಾದರೋ ಇಂದಿನ ನೀರನ್ನು ನಾಳೆಗೆ ಇಟ್ಟುಕೊಟ್ಟು, ಒಡೆಯನ ಮರೆವನ್ನು ಕೆಲವು ದಿವಸ ತಾಳಿಕೊಳ್ಳುತ್ತದೆ.

ಹಾಗಾದರೆ ಮಣ್ಣೆಂದರೇನು? ಅದು ಗಿಡವನ್ನು ನಿಲ್ಲಿಸುವ ಬರೇ ಪಾತ್ರೆಯಲ್ಲ. ಎರೆಹುಳ, ಅಣಬೆಯ ಎಳೆ, ಕಣ್ಣಿಗೆ ಕಾಣದ ಲೆಕ್ಕವಿಲ್ಲದ ಜೀವಿಗಳು ಇವೆಲ್ಲ ಸತ್ತದ್ದನ್ನು ಅರೆದು ಬದುಕುವದಕ್ಕೆ ಉಣಿಸುವ ಒಂದು ದೊಡ್ಡ ಅಡಿಗೆಮನೆ ಅದು. ನಮ್ಮ ಕರಾವಳಿಯಲ್ಲಿ ಈ ಅಡಿಗೆಮನೆಯನ್ನು ಕಾಪಾಡುವದು ಸುಲಭವಲ್ಲ. ವರುಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ನಾಲ್ಕು ತಿಂಗಳೊಳಗೆ ಸುರಿದು, ಜಂಬಿಟ್ಟಿಗೆಯ ಕೆಂಪು ನೆಲದಿಂದ ಸುಣ್ಣವನ್ನೂ ಪೊಟ್ಯಾಸಿಯಮನ್ನೂ ತೊಳೆದುಕೊಂಡು ಹೋಗುತ್ತದೆ, ನೆಲವು ಹುಳಿಯಾಗುತ್ತದೆ. ಆದದರಿಂದಲೇ ನಮ್ಮ ಹಿರಿಯರು ನೆಲವನ್ನು ಬರಿದಾಗಿ ಬಿಡದೆ ಸೊಪ್ಪನ್ನೂ ದರಕನ್ನೂ ಹೊದಿಸುತ್ತಿದ್ದರು, ಒಲೆಯ ಬೂದಿಯನ್ನೂ ಚಿಪ್ಪಿನ ಸುಣ್ಣವನ್ನೂ ಹಾಕುತ್ತಿದ್ದರು, ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿಗೆ ಸೊಪ್ಪು ಹಾಸಿ ಅದನ್ನೇ ಗೊಬ್ಬರಗುಂಡಿಗೆ ಸೇರಿಸುತ್ತಿದ್ದರು. ಇಂದೋರಿನಲ್ಲಿ 1924ರಿಂದ 1931ರ ವರೆಗೆ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡ್ ಎಂಬ ಶಾಸ್ತ್ರಜ್ಞನು ಇಂಥಾ ರೈತರ ಕ್ರಮಗಳನ್ನೇ ಪರೀಕ್ಷಿಸಿ, ಕಸ, ಸಗಣಿ, ಗಂಜಳ ನೆನೆದ ಮಣ್ಣು, ಬೂದಿ ಇವುಗಳನ್ನು ಪದರಪದರವಾಗಿ ಒಟ್ಟಿ, ತೇವವನ್ನು ಕಾದು, ಆಗಾಗ ಮಗಚಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಒಳ್ಳೇ ಗೊಬ್ಬರವಾಗುತ್ತದೆಂದು ಲೋಕಕ್ಕೆ ತಿಳಿಸಿದನು. ನಮ್ಮ ಮಳೆಯ ಸೀಮೆಯಲ್ಲಿ ಆ ಒಟ್ಟಿಲಿಗೆ ಮೇಲೊಂದು ಚಪ್ಪರ ಬೇಕು. ಇಲ್ಲವಾದರೆ ಸಾರವೆಲ್ಲ ತೋಡಿನ ಪಾಲಾಗುವದು.

ಇಷ್ಟಾದ ಮೇಲೆ, ಮಣ್ಣಿನ ಕ್ರಮವೇ ಪುಣ್ಯ, ಮಣ್ಣಿಲ್ಲದ ಕ್ರಮವೇ ಪಾಪ ಎಂದು ತೀರ್ಪು ಹೇಳಿಬಿಡುವದು ಸುಲಭವಾಗಿ ಕಾಣುವದು. ಆದರೆ ಸತ್ಯವು ಅಷ್ಟು ಸುಲಭವಲ್ಲ. ನಮ್ಮ ಜಿಲ್ಲೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳೆಂಬ ಕಾಡಿನ ಭಾಗಗಳನ್ನು ಬ್ರಿಟಿಷರ ಆಳಿಕೆಯಿಂದ ಬಿಟ್ಟುಕೊಡಲಾಗಿದೆ. ತೋಟದ ವಿಸ್ತೀರ್ಣಕ್ಕಿಂತ ಹಲವು ಪಾಲು ಹೆಚ್ಚಾದ ಬೆಟ್ಟದಿಂದ ಸೊಪ್ಪು ಕಡಿದು ತಂದು ತೋಟದ ಬುಡಕ್ಕೆ ಹಾಕುವದು ವಾಡಿಕೆ. ಹದವರಿತು ಕಡಿದಲ್ಲಿ ಬೆಟ್ಟವೂ ಉಳಿಯಿತು, ತೋಟವೂ ಉಳಿಯಿತು. ಹದ ತಪ್ಪಿ ವರುಷವರುಷವೂ ಬೋಳಿಸಿ, ಬಿದ್ದ ದರಕನ್ನೂ ಬಿಡದೆ ಗುಡಿಸಿದಲ್ಲಿ ಬೆಟ್ಟವು ಬೋಳಾಗಿ ಕಲ್ಲು ಎದ್ದಿತು. ತೋಟದ ಮಣ್ಣು ಕಪ್ಪಾಗಿ ಕೊಬ್ಬುವಾಗ ಬೆಟ್ಟದ ಮಣ್ಣು ಬಡವಾದರೆ, ಅದನ್ನು ಸಾಕುವದೆನ್ನಬಹುದೋ? ಒಬ್ಬನ ಕಣಜದಿಂದ ತೆಗೆದು ಇನ್ನೊಬ್ಬನ ಕಣಜವನ್ನು ತುಂಬಿಸಿ ದಾನವೆಂದು ಹೇಳಿದಂತಾಗುವದು. ಆ ಸೊಪ್ಪಿನ ಹೊರೆಯನ್ನು ಹೊತ್ತು ಇಳಿದವರು ಹೆಚ್ಚಾಗಿ ತೋಟದ ಒಡೆಯರಲ್ಲ, ಕೂಲಿಯ ಹೆಂಗಸರು ಎಂಬದನ್ನೂ ಮರೆಯಬಾರದು.

ಅದೇ ಪ್ರಶ್ನೆಯನ್ನು ಕೊಳವೆಯ ತೋಟಕ್ಕೂ ಹಾಕೋಣ. ಅದು ನಿಜವಾಗಿ ಮಣ್ಣಿಲ್ಲದ್ದೋ? ಅದರ ರಂಜಕವು ಮೊರೊಕ್ಕೊ ಮೊದಲಾದ ದೂರದೇಶಗಳ ಬಂಡೆಯಿಂದಲೂ, ಪೊಟ್ಯಾಸಿಯಮು ಕೆನಡ ಮುಂತಾದಲ್ಲಿಯ ಗಣಿಗಳಿಂದಲೂ ಬರುತ್ತದೆ. ಸಾರಜನಕವನ್ನು ಗಾಳಿಯಿಂದ ಹಿಡಿದು ಅಮೋನಿಯವಾಗಿ ಮಾಡುವ ಕಾರ್ಖಾನೆಯ ಕೆಲಸವು 1913ರಲ್ಲಿ ಜರ್ಮನಿಯ ಒಪ್ಪೌ ಎಂಬಲ್ಲಿ ಆರಂಭವಾಯಿತು. ಅದಕ್ಕೆ ಬಹಳ ಉರವಲು ಬೇಕು. ನಾರಿನ ಪುಡಿಯಾದರೋ ಯಾರದೋ ತೆಂಗಿನ ತೋಟದ ಮಣ್ಣಿನಲ್ಲಿ ಬೆಳೆದ ಕಾಯಿಯ ಸಿಪ್ಪೆ. ಹೀಗೆ ಮಣ್ಣಿಲ್ಲದ ತೋಟವೂ ಮಣ್ಣಿನ ಮೇಲೆಯೇ ನಿಂತಿದೆ. ಆ ಮಣ್ಣು ಬೇರೆ ಕಡೆಯಲ್ಲಿದ್ದು ನಮ್ಮ ಕಣ್ಣಿಗೆ ಬೀಳುವದಿಲ್ಲ, ಅಷ್ಟೇ.

ಆದದರಿಂದ ಮಣ್ಣು ಉಂಟೋ ಇಲ್ಲವೋ ಎಂಬದು ಸರಿಯಾದ ತಕ್ಕಡಿಯಲ್ಲ. ಎಲ್ಲಿಂದ ತೆಗೆದುಕೊಂಡೆವು, ಏನನ್ನು ಹಿಂದಕ್ಕೆ ಕೊಟ್ಟೆವು, ನಮ್ಮ ಸುಖದ ಭಾರವನ್ನು ಯಾರು ಹೊತ್ತರು ಎಂಬೀ ಮೂರು ಮಾತುಗಳೇ ಸರಿಯಾದ ತಕ್ಕಡಿ. ಬೆಟ್ಟವನ್ನು ಬೋಳಿಸುವ ಸಾವಯವ ತೋಟಗಾರನೂ, ಲವಣದ ನೀರನ್ನು ಬಳಸಿ ತೋಡಿಗೆ ಬಿಡುವ ಕೊಳವೆಯ ತೋಟಗಾರನೂ ಇದರಲ್ಲಿ ಒಂದೇ ತೂಕಕ್ಕೆ ಇಳಿಯುತ್ತಾರೆ.

ಈ ತಕ್ಕಡಿಯಲ್ಲಿ ತೂಗಿ ನೋಡಲಿಕ್ಕೆ ಕುಮಟಾ ತಾಲೂಕಿನ ಗಜನಿ ಭೂಮಿಗಿಂತ ಒಳ್ಳೇ ದೃಷ್ಟಾಂತವು ದೂರದಲ್ಲಿಲ್ಲ. ಅಘನಾಶಿನಿ ನದಿಯು ಕಡಲನ್ನು ಸೇರುವಲ್ಲಿ, ಉಪ್ಪುನೀರು ಏರಿ ಇಳಿಯುವ ತಗ್ಗಿನಲ್ಲಿ, ಕಗ್ಗವೆಂಬ ಎತ್ತರದ ಭತ್ತವನ್ನು ತಲೆತಲಾಂತರದಿಂದ ಬೆಳೆಯುತ್ತಾ ಬಂದಿದ್ದಾರೆ. ಅದಕ್ಕೆ ಗೊಬ್ಬರ ಹಾಕುವದಿಲ್ಲ, ಔಷಧ ಹೊಡೆಯುವದಿಲ್ಲ. ಮಳೆಗಾಲದ ನೆರೆಯು ತರುವ ಗೋಡೇ ಗೊಬ್ಬರ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನಿಲ್ಲಿಸಿಬಿಡುತ್ತಾರೆ. ಅದು ನೀರಿನಲ್ಲಿ ಕೊಳೆತು ಮೀನಿಗೂ ಸಿಗಡಿಗೂ ಆಹಾರವಾಗುತ್ತದೆ. ಹೀಗೆ ಅನ್ನದ ಹಿಂದೆ ಮೀನೂ ಬರುತ್ತದೆ. ಆದರೆ ಇದೆಲ್ಲ ಒಂದು ಮಣ್ಣಿನ ಕಟ್ಟೆಯ ಮೇಲೆಯೂ ನೀರನ್ನು ತಡೆದು ಬಿಡುವ ಹಲಗೆಯ ಬಾಗಿಲುಗಳ ಮೇಲೆಯೂ ನಿಂತಿತ್ತು. ಕಟ್ಟೆಯನ್ನು ವರುಷವರುಷವೂ ಊರವರೆಲ್ಲರೂ ಕೂಡಿ ಸರಿಮಾಡಬೇಕು. ಯಾಕಂದರೆ ಒಬ್ಬನು ತನ್ನ ಪಾಲಿನ ಮಾರನ್ನು ಅಲಕ್ಷ್ಯಮಾಡಿದರೆ ಅಲ್ಲಿಂದ ನುಗ್ಗುವ ಉಪ್ಪುನೀರು ಅವನ ಗದ್ದೆಯಲ್ಲಿಯೇ ನಿಲ್ಲದೆ ಊರಿನ ಎಲ್ಲಾ ಗದ್ದೆಗಳಿಗೆ ಹರಡುವದು. 1970ರ ದಶಕದಲ್ಲಿ ಸರಕಾರವು ಗಟ್ಟಿಯಾದ ಕಟ್ಟೆಗಳನ್ನು ಕಟ್ಟಿಸಿತು. ಊರವರ ಕೂಡುಕೆಲಸವು ಸಡಿಲವಾಯಿತು. ಆ ಮೇಲೆ ಅನೇಕ ಗಜನಿಗಳು ಸಿಗಡಿಯ ಸಾಕಣೆಗೆ ಹೋದವು, ಕಗ್ಗವು ಬಹಳವಾಗಿ ಕುಗ್ಗಿತು. 2024ರಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿ ಸೇರಿ, ಲೋಕವೇ ಕಾಪಾಡಬೇಕಾದ ಜೌಗು ಭೂಮಿಯೆಂದು ಎಣಿಸಲ್ಪಟ್ಟಿತು. ಲೋಕವು ಬೆಲೆ ಕಟ್ಟಿದ್ದನ್ನು ನೆರೆಯವರಾದ ನಾವು ಬೆಲೆಯಿಲ್ಲದ್ದೆಂದು ಬಿಟ್ಟುಬಿಡೋಣವೇ?

ನಮ್ಮ ಪ್ರಶ್ನೆಗೆ ಉತ್ತರವು ಇಲ್ಲಿಯೇ ದೊರೆಯುತ್ತದೆ. ಮಣ್ಣು ನಮ್ಮೊಬ್ಬರ ಸೊತ್ತಾಗಿದ್ದರೆ, ಅದರ ಆರೈಕೆಯನ್ನು ಬಿಡುವದು ನಮ್ಮ ಇಷ್ಟಕ್ಕೆ ಸೇರಿದ್ದೆನ್ನಬಹುದಿತ್ತು. ಆದರೆ ಮಣ್ಣಿಗೆ ಬೇಲಿ ಇಲ್ಲ. ಮೇಲಿನವನ ಮಣ್ಣು ಕೊಚ್ಚಿಹೋದರೆ ಕೆಳಗಿನವನ ತೋಡು ಹೂಳುತ್ತದೆ. ಮೇಲಿನವನ ನೆಲವು ನೀರನ್ನು ಇಂಗಿಸದಿದ್ದರೆ ಕೆಳಗಿನವನ ಬಾವಿ ಚೈತ್ರದಲ್ಲಿ ಬತ್ತುತ್ತದೆ. ಮಣ್ಣಿಲ್ಲದವನಿಗೆ ಮಣ್ಣಿಲ್ಲದ ವಿದ್ಯೆಯು ಉಪಕಾರವಾದೀತು. ಮಣ್ಣುಳ್ಳವನಿಗಾದರೋ ಅದು ಋಣದಿಂದ ಬಿಡುಗಡೆಯ ಚೀಟಿಯಾಗಲಾರದು. ಮಾಳಿಗೆಯ ಮೇಲೆ ಅವನು ಏನನ್ನೇ ಬೆಳೆಯಲಿ, ಕೆಳಗಿನ ಗದ್ದೆಯ ಕಟ್ಟೆಗೆ ಅವನು ಉತ್ತರ ಹೇಳಬೇಕು.

ಇನ್ನೊಂದು ಮಾತು ಉಂಟು, ಅದು ಹೆಸರಿನ ವಿಷಯ. ಮಣ್ಣಿಲ್ಲದೆ ಬೆಳೆದದ್ದನ್ನು ಸಾವಯವವೆಂದು ಕರೆಯಬಹುದೋ ಎಂದು ದೊಡ್ಡ ದೇಶಗಳಲ್ಲಿಯೂ ವ್ಯಾಜ್ಯವಾಗಿದೆ. ಅಮೇರಿಕದ ರಾಷ್ಟ್ರೀಯ ಸಾವಯವ ಮಂಡಲಿಯಲ್ಲಿ ಅದನ್ನು ನಿಷೇಧಿಸಬೇಕೆಂಬ ಸೂಚನೆಯು 2017ರಲ್ಲಿ 7ಕ್ಕೆ 8 ಮತಗಳಿಂದ ಬಿದ್ದುಹೋಯಿತು; ಮಣ್ಣಿನ ಬೇಸಾಯಗಾರರು ನ್ಯಾಯಾಲಯಕ್ಕೆ ಹೋಗಿ 2022ರ ಮೇಲ್ಮನವಿಯಲ್ಲಿಯೂ ಸೋತರು. ಯುರೋಪಿನ ಒಕ್ಕೂಟವಾದರೋ ಸಾವಯವ ಬೆಳೆಯು ಜೀವವುಳ್ಳ ಮಣ್ಣಿನಲ್ಲಿಯೇ ಬೆಳೆಯಬೇಕೆಂದು ನಿಯಮಿಸಿದೆ. ಪಂಡಿತರೇ ಒಪ್ಪದಿರುವಾಗ ಹಳ್ಳಿಯವರಾದ ನಾವೇನು ಮಾಡಬೇಕು? ಕುಮಟೆಯ ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುವವನನ್ನು ನೋಡಿರಿ. ಕೊಳ್ಳುವವನು ಅವನ ಗದ್ದೆಯನ್ನು ಕಂಡವನಲ್ಲ. ಅವನ ಮಾತನ್ನು ನಂಬಿ ಹಣ ಕೊಡುತ್ತಾನೆ. ಹಾಗೆಯೇ ನಾವು ನೀರಿನಲ್ಲಿ ಬೆಳೆದಿದ್ದರೆ ನೀರಿನಲ್ಲಿ ಬೆಳೆದೆವೆಂದೂ, ಲವಣ ಹಾಕಿದ್ದರೆ ಲವಣ ಹಾಕಿದೆವೆಂದೂ ಹೇಳಿ ಮಾರೋಣ. ಬೆಳೆಯಲ್ಲಿ ತಪ್ಪಿಲ್ಲದಿದ್ದರೂ ಹೆಸರಿನಲ್ಲಿ ಸುಳ್ಳಿದ್ದರೆ ತಿನ್ನುವವನಿಗೆ ಮೋಸವೇ.

ಪ್ರಿಯ ವಾಚಕರೇ, ಹಿತ್ತಲು ಎಷ್ಟೇ ಚಿಕ್ಕದಾಗಿರಲಿ, ಈ ಮಳೆಗಾಲಕ್ಕೆ ಮುಂಚೆ ಅದರ ನೆಲವನ್ನು ಬರಿದಾಗಿ ಬಿಡಬೇಡಿರಿ. ಅಡಿಗೆಮನೆಯ ಕಸವನ್ನು ಸುಡದೆ ಗುಂಡಿಗೆ ಸೇರಿಸಿರಿ. ಬೆಟ್ಟದಿಂದ ತರುವವರು ಅರ್ಧ ದರಕನ್ನು ಬೆಟ್ಟಕ್ಕೇ ಬಿಡಿರಿ. ಮಕ್ಕಳು ಮಾಳಿಗೆಯ ಮೇಲೆ ಕೊಳವೆಯ ತೋಟವನ್ನು ಮಾಡಬೇಕೆಂದರೆ ತಡೆಯಬೇಡಿರಿ. ಲವಣವನ್ನು ಅಳೆಯಲಿಕ್ಕೆ ಕಲಿತವನು ಮಣ್ಣು ಎಷ್ಟನ್ನು ಬೆಲೆಯಿಲ್ಲದೆ ಕೊಡುತ್ತದೆಂಬದನ್ನೂ ಕಲಿಯುವನು. ಆದರೆ ಊರವರು ಕಟ್ಟೆ ಕಟ್ಟುವ ದಿವಸ ಅದೇ ಮಕ್ಕಳ ಕೈಯಲ್ಲಿ ಒಂದೊಂದು ಬುಟ್ಟಿಯನ್ನು ಕೊಟ್ಟು ಕಳುಹಿಸಿರಿ.