ಇಂದಿನ ಧಮ್ಮ ಚಿಂತನೆ: ‘ಅವರ ಕರ್ಮ’ ಎನ್ನುವ ಮೊದಲು




ಮೊನ್ನೆ ಗೆಳೆಯರೊಬ್ಬರು ಒಂದು ಹಳೆಯ ವಿಡಿಯೊ ಕಳಿಸಿದರು. 2023ರ ನವೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಮೆಕಿನ್ನಿಯಲ್ಲಿ ನಡೆದದ್ದು. ಪುಟ್ಟ ವಿಮಾನವೊಂದು ಇಳಿಯುತ್ತದೆ. ರನ್‌ವೇ ಮುಗಿದರೂ ನಿಲ್ಲುವುದಿಲ್ಲ. ಬೇಲಿ ಮುರಿದು ರಸ್ತೆಗೆ ನುಗ್ಗಿ, ಅಲ್ಲಿ ಹೋಗುತ್ತಿದ್ದ ಕಾರಿಗೆ ಗುದ್ದುತ್ತದೆ. ಯಾರ ಜೀವವೂ ಹೋಗಲಿಲ್ಲ.

ಕೆಳಗೆ ಗೆಳೆಯರು ಬರೆದಿದ್ದರು: “ರಸ್ತೇಲಿ ಹೋಗೋ ಕಾರಿಗೆ ವಿಮಾನ ಬಂದು ಹೊಡೆಯುತ್ತೆ ಅಂದ್ರೆ ಪೂರ್ವಜನ್ಮದ ಕರ್ಮ ಅಲ್ಲದೆ ಇನ್ನೇನು ಸಾರ್?”

ಓದಿದಾಗ ನನ್ನದೇ ಮಾತು ನೆನಪಾಗಿ ಮುಖ ತಗ್ಗಿಸಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತಾಯಿಯೊಬ್ಬರ ಮಗ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಬ್ರೇಕ್ ಹಿಡಿಯದ ಲಾರಿ ನುಗ್ಗಿ ತೀರಿಕೊಂಡ. ಮಾತನಾಡಿಸಲು ಹೋದ ನಾನು, “ಎಲ್ಲಾ ಕರ್ಮ ಕಣಮ್ಮಾ, ಏನು ಮಾಡೋಕಾಗುತ್ತೆ” ಎಂದೆ. ಅವರು ನನ್ನನ್ನೇ ನೋಡಿ ಕೇಳಿದರು: “ಹಂಗಾದ್ರೆ ನನ್ನ ಮಗ ಏನು ತಪ್ಪು ಮಾಡಿದ್ದ, ಹೇಳಿ?” ನನ್ನ ಬಳಿ ಉತ್ತರವಿರಲಿಲ್ಲ. ಸಮಾಧಾನ ಹೇಳಲು ಹೋಗಿ, ಸತ್ತ ಹುಡುಗನ ಮೇಲೇ ಅಪರಾಧ ಹೊರಿಸಿ ಬಂದಿದ್ದೆ.

ಬುದ್ಧರಿಗೂ ಇದೇ ಪ್ರಶ್ನೆ ಬಂದಿತ್ತು. ರಾಜಗೃಹದ ವೇಳುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎಂಬ ವಾದ ಸರಿಯೇ ಎಂದು ಕೇಳಿದ. ಬುದ್ಧರು ಒಪ್ಪಲಿಲ್ಲ. ವಾತ, ಪಿತ್ತ, ಕಫ, ಈ ಮೂರೂ ಸೇರಿದಾಗಿನ ಏರುಪೇರು, ಋತುವಿನ ಬದಲಾವಣೆ, ಅಜಾಗರೂಕತೆ, ಹೊರಗಿನ ಪೆಟ್ಟು ಎಂದು ಏಳು ಕಾರಣಗಳನ್ನು ಹೇಳಿದರು. ಕರ್ಮಫಲ ಎಂಟನೆಯದು ಮಾತ್ರ. ಎಲ್ಲವನ್ನೂ ಕರ್ಮಕ್ಕೇ ಕಟ್ಟುವವರು ತಾವು ಕಂಡದ್ದನ್ನೂ ಲೋಕ ಬಲ್ಲದ್ದನ್ನೂ ಮೀರಿ ಮಾತನಾಡುತ್ತಾರೆ ಎಂದರು.

ಇದರಿಂದ ಏನು ವ್ಯತ್ಯಾಸ? ಇನ್ನೊಂದು ಘಟನೆ ನೋಡಿ. 2005ರ ಡಿಸೆಂಬರ್ 8ರಂದು ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ, ಹಿಮ ಸುರಿಯುತ್ತಿದ್ದಾಗ, ಪ್ರಯಾಣಿಕರ ಬೋಯಿಂಗ್ ವಿಮಾನವೊಂದು ಹೀಗೆಯೇ ರನ್‌ವೇ ದಾಟಿ ರಸ್ತೆಯ ಕಾರಿಗೆ ಬಡಿಯಿತು. ಕಾರಿನಲ್ಲಿದ್ದ 6 ವರ್ಷದ ಬಾಲಕ ಸತ್ತುಹೋದ. ತನಿಖೆ ಮಾಡಿದವರು ಮಗುವಿನ ಹಿಂದಿನ ಜನ್ಮ ಹುಡುಕಲಿಲ್ಲ. ಎಂಜಿನ್ನಿನ ಒತ್ತಡವನ್ನು ಹಿಮ್ಮುಖವಾಗಿಸಿ ವೇಗ ತಗ್ಗಿಸುವ ವ್ಯವಸ್ಥೆಯನ್ನು ಪೈಲಟ್‌ಗಳು ತಡವಾಗಿ ಬಳಸಿದ್ದನ್ನು ಕಂಡರು; ರನ್‌ವೇ ಆಚೆಗೆ ವಿಮಾನವನ್ನು ತಡೆಯುವಂಥದ್ದೇನೂ ಇರಲಿಲ್ಲವೆಂಬುದನ್ನೂ ಗುರುತಿಸಿದರು. ಆಮೇಲೆ ಅಲ್ಲಿ ರನ್‌ವೇ ತುದಿಗಳಲ್ಲಿ ಹಗುರವಾದ ಕಾಂಕ್ರೀಟ್ ಹಾಸು ಹಾಕಿದರು. ವಿಮಾನದ ಚಕ್ರ ಹತ್ತಿದರೆ ಅದು ಪುಡಿಯಾಗುತ್ತದೆ, ಚಕ್ರ ಹೂತು ವಿಮಾನ ನಿಲ್ಲುತ್ತದೆ.

ನನಗೆ ಅದು ನೆಲಕ್ಕೆ ಹಾಸಿದ ಕರುಣೆಯಂತೆ ಕಾಣುತ್ತದೆ. ‘ಇದು ಇದ್ದರೆ ಅದು ಆಗುತ್ತದೆ’ ಎಂದು ಕಾರಣ ನೋಡಿದವರಿಗೆ ಮಾತ್ರ ‘ಇದನ್ನು ತೆಗೆದರೆ ಅದು ನಿಲ್ಲುತ್ತದೆ’ ಎಂಬ ದಾರಿ ತೆರೆಯುತ್ತದೆ. ‘ಕರ್ಮ’ ಎಂದು ಬಿಟ್ಟವರಿಗೆ ಅಲ್ಲಿಗೇ ವಿಚಾರ ಮುಗಿಯಿತು, ಹೊಣೆಯೂ ಮುಗಿಯಿತು.

ಹಾಗೆಂದು ಕರ್ಮ ಸುಳ್ಳಲ್ಲ. ಚೇತನೆಯೇ ಕರ್ಮ ಎಂದು ಕಲಿತಿದ್ದೇವೆ. ಹಾಗಾದರೆ ಅದನ್ನು ನೋಡಬೇಕಾದದ್ದು ಬೇರೆಯವರ ಗಾಯದಲ್ಲಲ್ಲ, ಈಗ ನನ್ನ ಬಾಯಿಂದ ಹೊರಡುವ ಮಾತಿನಲ್ಲಿ.

ಈ ಭಾನುವಾರ ಆ ತಾಯಿಯ ಮನೆಗೆ ಹೋಗುತ್ತೇನೆ. “ನಿಮ್ಮ ಮಗ ಏನೂ ತಪ್ಪು ಮಾಡಿರಲಿಲ್ಲ ಅಮ್ಮ, ನಾನೇ ತಪ್ಪು ಮಾತಾಡಿದೆ” ಎಂದು ಹೇಳಬೇಕು. ತಡವಾಗಿದೆ, ಆದರೂ ಹೇಳಬೇಕು.

*ಇಂದಿನ ಅಭ್ಯಾಸ:* ಯಾರದಾದರೂ ದುಃಖದ ಸುದ್ದಿ ಕೇಳಿದಾಗ ‘ಅವರ ಕರ್ಮ’ ಎಂಬ ಮಾತು ನಾಲಿಗೆಗೆ ಬಂದರೆ ಒಂದು ಉಸಿರು ತಡೆಯೋಣ. ಆಮೇಲೆ ಕೇಳೋಣ: ನಾನೇನು ಮಾಡಬಹುದು?

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🪷