ಮುಪ್ಪಿಗೆ ಮದ್ದಿಲ್ಲ, ಮುದುಕರಿಗೆ?

“ಈ ವಯಸ್ಸಿನಲ್ಲಿ ಅವರಿಗೇಕೆ ಆಪರೇಶನ್? ಇದ್ದಷ್ಟು ದಿನ ನೆಮ್ಮದಿಯಿಂದಿರಲಿ.” ಮನೆಯ ಹಿರಿಯರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿದಾಗ ಮಕ್ಕಳ ಬಾಯಿಂದ ಬರುವ ಮಾತಿದು. “ಅಬ್ಬಾಗೆ ಏನೂ ಹೇಳಬೇಡಿ ಡಾಕ್ಟರೇ” ಎಂಬುದು ಅದರ ಬೆನ್ನಿಗೇ ಬರುತ್ತದೆ. ಎರಡರಲ್ಲೂ ಪ್ರೀತಿಯಿದೆ. ಆದರೆ ಯಾರ ದೇಹದ ಬಗ್ಗೆ ಇಷ್ಟೆಲ್ಲ ಮಾತು ನಡೆದಿದೆಯೋ ಅವರು ಮಾತ್ರ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಈ ಕಾಯಿಲೆ ಹೆಚ್ಚಾಗಿ ಬರುವುದೇ ವಯಸ್ಸಾದವರಿಗೆ. ಬೀಡಿ, ಸಿಗರೇಟು ಇದರ ದೊಡ್ಡ ಕಾರಣ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ಉಷ್ಣವಾಗಿದೆ ಎಂದುಕೊಂಡು ಎಳನೀರು ಕುಡಿಯುತ್ತಾ ತಿಂಗಳುಗಳನ್ನು ಕಳೆಯುವವರಿದ್ದಾರೆ. ಗೆಡ್ಡೆ ಒಳಪದರದಲ್ಲಷ್ಟೇ ಇದ್ದರೆ ಮೂತ್ರನಾಳದ ಮೂಲಕವೇ ಸಲಕರಣೆ ತೂರಿಸಿ ಕೆರೆದು ತೆಗೆಯುತ್ತಾರೆ. ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಆಗ ಸಣ್ಣ ಕರುಳಿನ ತುಂಡೊಂದರಿಂದ ದಾರಿ ಮಾಡಿ, ಹೊಟ್ಟೆಯ ಬಲಬದಿಗೆ ಅಂಟಿಸಿದ ಚೀಲಕ್ಕೆ ಮೂತ್ರ ಇಳಿಯುವಂತೆ ಮಾಡುವುದುಂಟು. 80 ದಾಟಿದವರಿಗೆ ಇದರಲ್ಲಿ ಅಪಾಯ ಹೆಚ್ಚು, ಸುಳ್ಳಲ್ಲ. ಆದರೂ ಒಳ್ಳೆಯ ವೈದ್ಯರು ಹುಟ್ಟಿದ ವರ್ಷವೊಂದನ್ನೇ ನೋಡುವುದಿಲ್ಲ. ನಡಿಗೆ, ತೂಕ, ನೆನಪು, ಹೃದಯ, ಮೂತ್ರಪಿಂಡ ಎಲ್ಲವನ್ನೂ ನೋಡುತ್ತಾರೆ. ಕೆಲವರಿಗೆ ಮೂತ್ರಕೋಶ ಉಳಿಸಿಕೊಂಡೇ ಕಿಮೋ ಮತ್ತು ರೇಡಿಯೇಶನ್ ಕೊಡುವ ದಾರಿಯಿದೆ. ಇನ್ನು ಸುಮ್ಮನೆ ಬಿಟ್ಟರೆ ನೆಮ್ಮದಿಯೇ? ರಕ್ತ ಹೆಪ್ಪುಗಟ್ಟಿ, ಮೂತ್ರ ಕಟ್ಟಿಕೊಂಡು ನರಳುವುದನ್ನು ಕಂಡವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು.

ಚಿಕಿತ್ಸೆ ಪಡೆಯಿರಿ, ಮದ್ದಿಲ್ಲದ್ದು ಮುಪ್ಪೊಂದೇ ಎಂದು ಪ್ರವಾದಿ(ಸ)ಯವರು ತಿಳಿಸಿದ ಹದೀಸ್ ಅಬೂದಾವೂದ್, ತಿರ್ಮಿದಿಗಳಲ್ಲಿದೆ. ನಮ್ಮವರು ಅದನ್ನು ತಲೆಕೆಳಗಾಗಿ ಓದಿ, ಮುದುಕರಿಗೆ ಮದ್ದು ಬೇಡ ಎಂದುಕೊಂಡಿದ್ದಾರೆ. ಮುಪ್ಪು ಬೇರೆ, ಮುಪ್ಪಿನಲ್ಲಿ ಬಂದ ಗೆಡ್ಡೆ ಬೇರೆ.

ಹಾಗೆಂದು ಬಲವಂತವಾಗಿ ಆಪರೇಶನ್ ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಗುಣವಾಗುವುದು ಖಚಿತವಿಲ್ಲದ ಚಿಕಿತ್ಸೆಯನ್ನು ಬೇಡವೆಂದವನು ಪಾಪಿಯಲ್ಲ ಎಂಬುದೇ ಹೆಚ್ಚಿನ ವಿದ್ವಾಂಸರ ನಿಲುವು. ಬುಖಾರಿಯಲ್ಲಿ ಮೂರ್ಛೆರೋಗದ ಮಹಿಳೆಯೊಬ್ಬಳ ಪ್ರಸಂಗವಿದೆ. ಸಹನೆಯೋ, ಗುಣವಾಗಲು ದುಆವೋ ಎಂಬ ಆಯ್ಕೆಯನ್ನು ಪ್ರವಾದಿ(ಸ) ಅವಳ ಮುಂದೆಯೇ ಇಟ್ಟರು. ಅವಳ ಅಣ್ಣತಮ್ಮಂದಿರನ್ನು ಕರೆದು ಕೇಳಿದರೆಂದು ಎಲ್ಲೂ ಇಲ್ಲ. ಅವಳು ಸಹನೆಯನ್ನು ಆರಿಸಿಕೊಂಡಳು. ಆದರೆ ಮೂರ್ಛೆಯಲ್ಲಿ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಿ ಎಂದಳು. ರೋಗಕ್ಕಿಂತ ಅವಳನ್ನು ಕಾಡುತ್ತಿದ್ದುದು ಅದು.

ನಮ್ಮ ಹಿರಿಯರನ್ನು ಕಾಡುವುದೂ ಬೇರೆಯೇ ಇರಬಹುದು. ಚೀಲ ಕಟ್ಟಿಕೊಂಡು ನಮಾಝ್ ಆಗುತ್ತದೆಯೇ? ಸಫ್‌ನಲ್ಲಿ ಪಕ್ಕದವನಿಗೆ ವಾಸನೆ ಬಂದರೆ? ಸರ್ಜನ್ ಇದನ್ನು ಕೇಳುವುದಿಲ್ಲ, ಮಗ ಕೇಳಲು ನಾಚುತ್ತಾನೆ. ಉತ್ತರವಾದರೋ ಫಿಕ್ಹ್‌ನಲ್ಲಿ ಹಿಂದಿನಿಂದಲೂ ಇದೆ. ತಡೆಯಲಾಗದೆ ಮೂತ್ರ ಸೋರುವವನಿಗೆ ರಿಯಾಯಿತಿಯುಂಟು. ಹನಫಿಗಳಲ್ಲಿ ಅವನು ಪ್ರತಿ ನಮಾಝಿನ ವೇಳೆಗೆ ಒಮ್ಮೆ ವುಝೂ ಮಾಡಿದರೆ, ಅದನ್ನು ಮುರಿಯುವ ಬೇರೇನೂ ಆಗದಿದ್ದರೆ ಆ ವೇಳೆ ಮುಗಿಯುವವರೆಗೆ ಸಾಕು. ನಮ್ಮ ಕರಾವಳಿಯ ಶಾಫಿಈಗಳಲ್ಲಿ ಪ್ರತಿ ಫರ್ಝ್‌ಗೂ ಹೊಸ ವುಝೂ. ಚೀಲ ಸರಿಯಾಗಿ ಕೂತಿದ್ದರೆ ವಾಸನೆಯೂ ಬರದು. ಇಷ್ಟನ್ನು ಆಪರೇಶನ್‌ಗೆ ಮೊದಲೇ ಅಬ್ಬಾ ಅವರ ಪಕ್ಕದಲ್ಲಿ ಕುಳಿತು ಹೇಳಿದರೆ ಅವರ ‘ಬೇಡ’ ಬೇಕಾಗಬಹುದು. ಆಗಲೂ ಬೇಡವೆಂದರೆ ಅದು ಅವರದೇ ತೀರ್ಮಾನ.

ಮನೆಯಲ್ಲಿ ಯಾರೂ ಬಾಯಿಬಿಡದ ಇನ್ನೊಂದು ಪ್ರಶ್ನೆಯಿದೆ: ಚೀಲ ಬದಲಿಸುವವರು ಯಾರು? ನರ್ಸ್ ಕಲಿಸಿಕೊಟ್ಟರೆ ಅನೇಕ ಹಿರಿಯರು ತಾವೇ ಮಾಡಿಕೊಳ್ಳುತ್ತಾರೆ. ಕೈ ನಡುಗುವವರ ಜೊತೆ ಮಗನೇ ಹೋಗಿ ಕಲಿತು ಬರಲಿ, ಸೊಸೆಯನ್ನು ಕಳಿಸುವುದು ಬೇಡ.